ಸುವರ್ಣಮ್ಮ ಮತ್ತು ನಮ್ಮವ್ವನ ಗೇಣು

ಸುವರ್ಣಮ್ಮನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ನನಗೆ ಕೆಟ್ಟದ್ದೇನೂ ಮಾಡಿರಲಿಲ್ಲ. ಅದಕ್ಕೇ ಹೆಚ್ಚು ಉರಿಯುತ್ತಿತ್ತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವಳ ಗಂಡ ಪುಟ್ಟಯ್ಯ ಫಿಟ್ಟರು. ನನ್ನ ಯಜಮಾನರು ಷಡಕ್ಷರಪ್ಪ, ಕುಲುಮೆಯ ಕಡೆ ಕೆಲಸ. ಇಬ್ಬರೂ ಒಂದೇ ಶಿಫ್ಟಿಗೆ ಹೋಗುತ್ತಿದ್ದರು. ಕಾರ್ಖಾನೆಯ ಕೂಗು ಆದಮೇಲೆ ಇಬ್ಬರೂ ಒಟ್ಟಿಗೆ ಬರುತ್ತಿದ್ದರು. ಪುಟ್ಟಯ್ಯ ದೂರದಿಂದಲೇ ಹೆಂಡತಿಯ ಹೆಸರು ಹಿಡಿದು ಕೂಗುತ್ತಿದ್ದ. ನಮ್ಮವರು ಹಾಗೆ ಕೂಗುವವರಲ್ಲ. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು, ಅಷ್ಟೆ. ನನಗೆ ಅಷ್ಟೇ ಸಾಕಾಗಿತ್ತು. ಆದರೂ ಗೋಡೆಯಾಚೆ ಆ ಕೂಗು ಕೇಳಿದಾಗ ಕಿವಿ ಆ ಕಡೆಗೇ ಹೋಗುತ್ತಿತ್ತು.

ಸುವರ್ಣಮ್ಮ ಸಣ್ಣ ಆಳು. ಎಂಟನೇ ಕ್ಲಾಸಿನ ಹುಡುಗಿಯ ಹಾಗೆ ಕಾಣುತ್ತಿದ್ದಳು. ಕೈಕಾಲೂ ಸಣ್ಣವು. ಬಾಯಿ ಮಾತ್ರ ದೊಡ್ಡದು. ನಕ್ಕರೆ ನಾಲ್ಕು ಮನೆಗೆ ಕೇಳುತ್ತಿತ್ತು. ಅಡುಗೆ ಅಷ್ಟಕ್ಕಷ್ಟೆ. ಸಾರಿಗೆ ಉಪ್ಪು ಹಾಕಿದ್ದು ಮರೆತು ಇನ್ನೊಂದು ಸಲ ಹಾಕುತ್ತಿದ್ದಳು. ಪುಟ್ಟಯ್ಯ ಅದನ್ನು ಉಂಡು ತಂಬಿಗೆ ನೀರು ಕುಡಿದು ಸುಮ್ಮನಾಗುತ್ತಿದ್ದ.

ಐವತ್ತೆರಡನೇ ಇಸವಿಯಲ್ಲಿ ಪುಟ್ಟಯ್ಯ ಶಿವಮೊಗ್ಗದಿಂದ ಒಂದು ಹೊಲಿಗೆ ಮೆಷಿನ್ನು ತಂದ. ಬಸ್ಸಿನ ಮೇಲೆ ಹಾಕಿಸಿ ತಂದು, ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದು ಮನೆಯವರೆಗೂ ತಳ್ಳಿಕೊಂಡು ಬಂದ. ಕ್ವಾರ್ಟರ್ಸ್ ಸಾಲಿನ ಹೆಂಗಸರೆಲ್ಲ ಸೇರಿದರು. ತಮಿಳರ ಮನೆಯವರು, ತೆಲುಗರ ಮನೆಯವರು, ಎಲ್ಲರೂ. ಸುವರ್ಣಮ್ಮನಿಗೆ ಆಗ ಒಂದು ಗುಂಡಿ ಹಾಕಲಿಕ್ಕೂ ಬರುತ್ತಿರಲಿಲ್ಲ. ಮೊದಲನೇ ದಿನವೇ ಬೆರಳಿನ ಮೇಲೆ ಸೂಜಿ ಓಡಿಸಿಕೊಂಡಳು. ಉಗುರಿನಲ್ಲಿ ತೂತು ಬಿತ್ತು. ರಕ್ತ ಸುರಿಯುತ್ತಿತ್ತು, ಇವಳು ನಗುತ್ತಿದ್ದಳು.

"ನನ್ನನ್ನೇ ಹೊಲಿದುಬಿಡ್ತಿತ್ತು ಕಣ್ರೀ ಅಕ್ಕ ಇದು!" ಅಂದಳು.

"ಬಾರದ ಕೆಲಸಕ್ಕೆ ಕೈ ಹಾಕಿದ್ರೆ ಹಾಗೇ ಆಗೋದು," ಅಂದೆ ನಾನು.

ಅವಳು ಬಿಡಲಿಲ್ಲ. ಮೂರು ತಿಂಗಳು ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಹೋಗಿ ಒಬ್ಬ ದರ್ಜಿಯ ಹೆಂಡತಿಯ ಹತ್ತಿರ ಕಲಿತು ಬಂದಳು. ಟೇಪು ಹಿಡಿಯುವುದು, ಕಾಗದದ ಮೇಲೆ ಗೀಟು ಎಳೆಯುವುದು, ಇಂಚು ಬರೆದುಕೊಳ್ಳುವುದು. ವರ್ಷ ತುಂಬುವುದರೊಳಗೆ ಜಗಲಿಯ ಮೇಲೆ ಮೆಷಿನ್ನು ಇಟ್ಟುಕೊಂಡು ಸಾಲಿನ ಹುಡುಗಿಯರಿಗೆ ಲಂಗ ರವಿಕೆ ಹೊಲಿಯುವುದು ಹೇಳಿಕೊಡತೊಡಗಿದಳು. ಬಂದವರಿಗೆಲ್ಲ ಹೇಳಿಕೊಡುತ್ತಿದ್ದಳು. ಯಾರನ್ನೂ ಬೇಡ ಅನ್ನಲಿಲ್ಲ.

ನನಗೆ ಮೆಷಿನ್ನು ಇರಲಿಲ್ಲ. ನನಗೆ ಸೂಜಿ ಗೊತ್ತಿತ್ತು. ತವರು ಕುಂಸಿಯಲ್ಲಿ ನಮ್ಮವ್ವ ಕಲಿಸಿದ್ದು. ಹಳೇ ಬಟ್ಟೆಯ ಕೌದಿ, ಕೂಸಿನ ತಲೆಗೆ ಕುಲಾವಿ, ಕುಂಚಿಗೆ. ಕುಂಚಿಗೆ ಅಂದರೆ ಕೂಸಿನ ತಲೆಗೂ ಬೆನ್ನಿಗೂ ಸೇರಿಸಿ ಹಾಕುವುದು. ಮೇಲೆ ಟೋಪಿ, ಹಿಂದೆ ಕಾಲಿನವರೆಗೂ ಬಟ್ಟೆ, ಗದ್ದದ ಕೆಳಗೆ ಕಟ್ಟಲು ಎರಡು ಕಸೆ. ಕುಂಚಿಗೆ ಹೊಲಿಯುವವರು ಬಹಳ ಜನ ಇದ್ದಾರೆ. ನಮ್ಮವ್ವನದು ಬೇರೆ. ಕತ್ತಿನ ಹಿಂದೆ ಒಂಬತ್ತು ನಿರಿಗೆ. ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು, ನಡುವೆ ಒಂದು ಜೋಡು ನಿರಿಗೆ. ಕೂಸು ಎಷ್ಟು ಒದ್ದಾಡಿದರೂ ಅದು ಜಾರುವುದಿಲ್ಲ, ಉಬ್ಬುವುದಿಲ್ಲ, ಕತ್ತಿಗೆ ಒತ್ತುವುದಿಲ್ಲ. ಹಣೆಯ ಅಂಚು ಒಂದೂವರೆ ಗೇಣು.

ಈ ಗೇಣಿನ ವಿಷಯ ಹೇಳಬೇಕು. ನಮ್ಮ ಕಡೆ ಹಸುಗೂಸಿಗೆ ಅಳತೆ ಹಿಡಿಯುವುದಿಲ್ಲ. ಟೇಪು ಹಿಡಿದರೆ ಬೆಳವಣಿಗೆ ನಿಲ್ಲುತ್ತದೆ ಅನ್ನುತ್ತಾರೆ. ಹಗ್ಗವನ್ನೂ ಹಿಡಿಯುವುದಿಲ್ಲ. ಹೊಲಿಯುವವಳು ತನ್ನ ಕೈಯಿಂದ ಬಟ್ಟೆ ಅಳೆಯಬೇಕು, ಕೂಸನ್ನು ಮುಟ್ಟಬಾರದು. ಆದರೆ ಕೈ ಎಲ್ಲರದೂ ಒಂದೇ ಇರುತ್ತದೆಯೇ? ನಮ್ಮವ್ವನದು ಗದ್ದೆ ನೆಟ್ಟ ಕೈ, ಅಗಲ. ನನಗೆ ಕಲಿಸುವಾಗ ಅವಳು ಮೊದಲು ಮಾಡಿದ್ದು ನನ್ನ ಅಂಗೈಯ ಮೇಲೆ ತನ್ನ ಅಂಗೈ ಇಟ್ಟದ್ದು. "ನನ್ ಗೇಣಿಗೆ ನಿನ್ ಗೇಣು ಒಂದು ಬೆರಳು ಕಮ್ಮಿ ಅದೆ. ಗೇಣಿಗೊಂದು ಬೆರಳು ಕೂಡಿಸ್ಕೊ," ಅಂದಳು. ಆಮೇಲೇ ಬಟ್ಟೆ ಕೈಗೆ ಕೊಟ್ಟಳು. ಅವಳಿಗೆ ಅವಳ ಅವ್ವ ಹಾಗೇ ಹೇಳಿಕೊಟ್ಟಿದ್ದಳಂತೆ. ಕೈಯ ಮೇಲೆ ಕೈ ಇಡದೆ ಈ ವಿದ್ಯೆ ಬರುವುದಿಲ್ಲ.

ನಮ್ಮವರಿಗೆ ನನ್ನ ಹೊಲಿಗೆ ಅಂದರೆ ಇಷ್ಟ. ಭಾನುವಾರ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿ ಇಡುತ್ತಿದ್ದರು. ವಾರವೆಲ್ಲ ನಾನು ಎದ್ದು ಹುಡುಕಬಾರದು ಅಂತ. ಕಬ್ಬಿಣ ಹಿಡಿದು ದಪ್ಪಗಾದ ಬೆರಳು, ಅದರಲ್ಲಿ ಸೂಜಿಯ ಕಣ್ಣಿಗೆ ದಾರ ಹಾಕುವುದು ನೋಡಬೇಕಿತ್ತು. ನಾಲಿಗೆ ಹೊರಗೆ ಬರುತ್ತಿತ್ತು. ಒಂದು ದಿನ ಹಾಗೇ ಪೋಣಿಸುತ್ತಾ, "ನೋಡೇ, ಆ ಸುವರ್ಣಮ್ಮ ಒಂದು ಗಳಿಗೇಲಿ ಒಂದು ಲಂಗ ಮುಗಿಸ್ತಾಳೆ," ಅಂದರು. ನಾನು ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ.

ಆ ಎರಡು ದಿನ ಈಗ ಬೇಕು ಅನ್ನಿಸುತ್ತದೆ. ಯಾರು ಕೊಡುತ್ತಾರೆ.

ಐವತ್ತನಾಲ್ಕರ ಜ್ಯೇಷ್ಠದಲ್ಲಿ ಅವರಿಗೆ ಜ್ವರ ಬಂತು. ಎಂಟು ದಿನ. ಒಂಬತ್ತನೇ ದಿನ ಹೋದರು. ದಿಂಬಿನಲ್ಲಿ ಇನ್ನೂ ಆರು ಸೂಜಿ ದಾರದ ಸಮೇತ ನಿಂತಿದ್ದವು. ಐದನ್ನು ಬಳಸಿದೆ. ಹೊಲಿಯುವ ಕೆಲಸವಿತ್ತು, ಬಳಸಿದೆ. ಆರನೆಯದನ್ನು ತೆಗೆಯಲಾಗಲಿಲ್ಲ.

ಕ್ವಾರ್ಟರ್ಸು ಬಿಡಬೇಕಾಯಿತು. ಹೊಳೆಯಾಚೆ ಹಳೇನಗರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಹುಡುಕಿ ಕೊಟ್ಟವನು ಪುಟ್ಟಯ್ಯ. ಸಾಮಾನು ಸಾಗಿಸಿದವನೂ ಅವನೇ. ಸುವರ್ಣಮ್ಮ ಬಂದು ಒಲೆಗೆ ಮಣ್ಣು ಮೆತ್ತಿ ಹೋದಳು. ಅವರು ಮಾಡಿದ್ದು ಒಳ್ಳೆಯದೇ. ನನಗೆ ಹೇಗಾಗಿತ್ತು ಅಂದರೆ, ಅವಳು ಮಣ್ಣು ಮೆತ್ತುತ್ತಿದ್ದಾಗ ಅವಳ ಕೈಯ ಹಸಿರು ಬಳೆ ಸದ್ದು ಮಾಡುತ್ತಿತ್ತು. ಅದನ್ನು ಕೇಳಿ ಎದ್ದು ಹೊರಗೆ ಹೋದೆ.

ನನಗೆ ಇದ್ದವಳು ಒಬ್ಬಳೇ ಮಗಳು, ಜಗದಾಂಬಾ. ಆಗ ಹನ್ನೊಂದು ವರ್ಷ. ಶಾಲೆ ಬಿಟ್ಟ ಮೇಲೆ ಮನೆಗೆ ಬಾರದೆ ಸೀದಾ ಸುವರ್ಣಮ್ಮನ ಜಗಲಿಗೆ ಹೋಗತೊಡಗಿದಳು. ನಮ್ಮ ಮನೆಯಲ್ಲಿ ಅಳು, ಅಲ್ಲಿ ನಗು. ಮಕ್ಕಳು ನಗುವ ಕಡೆಗೇ ಹೋಗುತ್ತವೆ. ಇದು ಈಗ ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ. ಸಂಜೆ ಬಂದು ಅವಳು ಬಾಯಿ ತೆರೆದರೆ ಸುವರ್ಣ ಚಿಕ್ಕಮ್ಮ.

"ಅವ್ವ, ಸುವರ್ಣ ಚಿಕ್ಕಮ್ಮ ಇವತ್ತು ನನಗೆ ಚಕ್ರ ತಿರುಗಿಸಕ್ಕೆ ಬಿಟ್ರು."

"ಚಿಕ್ಕಮ್ಮ ಯಾವಾಗಾದ್ಲು ಅವಳು? ನನಗೆ ತಂಗಿ ಇಲ್ಲ."

"ಅವರೇ ಹಾಗನ್ನು ಅಂದ್ರು."

"ಅವಳು ಅವ್ವ ಅನ್ನು ಅಂದ್ರೂ ಅಂತೀಯ ನೀನು."

ಹುಡುಗಿ ತಲೆ ತಗ್ಗಿಸಿದಳು. ನನಗೆ ಪಾಪ ಅನ್ನಿಸಲಿಲ್ಲ.

ಒಂದು ದಿನ ಅವಳು ತಾನೇ ಹೊಲಿದ ಲಂಗ ತಂದಳು. ನೀಲಿ ಹೂವಿನ ಚೀಟಿ ಬಟ್ಟೆ. ಹೊಲಿಗೆ ನೆಟ್ಟಗಿತ್ತು. ತಪ್ಪು ಹುಡುಕಿದೆ, ಸಿಗಲಿಲ್ಲ. ಮಾರನೇ ದಿನ ಅವಳು ಶಾಲೆಗೆ ಹೋದ ಮೇಲೆ ಕೂತು ಆ ಹೊಲಿಗೆಯನ್ನೆಲ್ಲ ಬಿಚ್ಚಿದೆ. ಕೈಯಲ್ಲಿ ಮತ್ತೆ ಹೊಲಿದೆ. ಸಣ್ಣ ಹೊಲಿಗೆ, ಒಂದೊಂದೂ ಸಾಸಿವೆಯಷ್ಟು. ಅವಳಿಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೆ. ಅವಳು ಬಂದು ಲಂಗ ತಿರುಗಿಸಿ ನೋಡಿದಳು.

"ಯಾಕವ್ವ ಬಿಚ್ಚಿದೆ?"

"ಮೆಷಿನ್ ಹೊಲಿಗೆ ಒಂದು ಕಡೆ ಹರಿದ್ರೆ ಪೂರ್ತಿ ಬಿಡ್ತದೆ."

"ಹರಿದಿರಲಿಲ್ಲ."

ಅಷ್ಟೇ ಅಂದಳು. ಲಂಗವನ್ನು ಮಡಿಸಿ ಇಟ್ಟಳು. ಉಡಲಿಲ್ಲ.

ಅವಳು ಕೇಳಲಿ ಅಂತ ನಾನು ಕಾದೆ. "ಅವ್ವ, ನಿನ್ನ ಕುಂಚಿಗೆ ಹೇಳಿಕೊಡು" ಅಂತ ಒಂದು ಸಲ ಬಾಯಿಬಿಟ್ಟು ಕೇಳಲಿ. ನಾನಾಗಿ ಕರೆಯುವುದಿಲ್ಲ ಅಂತ ಹಟ. ಅವಳಿಗೆ ನನ್ನ ಮುಖ ನೋಡಿದರೇ ಕೇಳುವ ಧೈರ್ಯ ಬರುತ್ತಿರಲಿಲ್ಲ ಅಂತ ಬಹಳ ವರ್ಷದ ಮೇಲೆ ಹೇಳಿದಳು.

ಕೇಳಿದವಳು ಸುವರ್ಣಮ್ಮ.

ನಮ್ಮವರು ಹೋಗಿ ವರ್ಷ ತುಂಬುತ್ತಾ ಬಂದಿತ್ತು. ಹಳೇ ಸಾಲಿನ ದ್ಯಾಮಮ್ಮನ ಮಗಳಿಗೆ ಹೆರಿಗೆಯಾಗಿತ್ತು. ಮೊದಲಾಗಿದ್ದರೆ ಆ ಕುಂಚಿಗೆ ನನ್ನ ಹತ್ತಿರ ಬರಬೇಕು. ಸಾಲಿನಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನಾನೇ ಹೊಲಿದಿದ್ದೆ. ಈಗ ನನ್ನ ಹಣೆಯಲ್ಲಿ ವಿಭೂತಿ ಇದೆ, ಕುಂಕುಮ ಇಲ್ಲ. ಹಾಗಾಗಿ ದ್ಯಾಮಮ್ಮ ಬಟ್ಟೆಯನ್ನು ಸುವರ್ಣಮ್ಮನಿಗೆ ಕೊಟ್ಟಿದ್ದಳು. ಸುವರ್ಣಮ್ಮ ಅದನ್ನು ಹಿಡಿದುಕೊಂಡು ಹೊಳೆ ದಾಟಿ ನನ್ನ ಮನೆಗೆ ಬಂದಳು.

"ಅಕ್ಕ, ಮೆಷಿನ್ನಲ್ಲಿ ಇದೊಂದು ಹೊಂದಲ್ಲ ನೋಡಿ. ಕೂಸಿಗೆ ಟೇಪು ಹಿಡಿಯೋ ಹಾಗಿಲ್ಲ. ಹಣೆ ಅಂಚು ನೀವು ಎಷ್ಟು ಇಡ್ತೀರಿ?"

"ಒಂದೂವರೆ ಗೇಣು," ಅಂದೆ.

"ಅಷ್ಟೇನಾ?"

"ಅಷ್ಟೆ."

ಅವಳು ತನ್ನ ಸಣ್ಣ ಕೈಯನ್ನು ಬಟ್ಟೆಯ ಮೇಲೆ ಹರಡಿ ಅಲ್ಲೇ ಅಳೆದಳು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ. ನಾನು ನೋಡುತ್ತಿದ್ದೆ. ನಾನು ಸುಳ್ಳು ಹೇಳಲಿಲ್ಲ. ಯಾರ ಗೇಣು ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ದ್ಯಾಮಮ್ಮನ ಮನೆಯಲ್ಲಿ ಹೆಂಗಸರು ತುಂಬಿದ್ದರು. ನಾನು ಹಿಂದೆ ಕೂತಿದ್ದೆ. ಕುಂಚಿಗೆ ಹಾಕಲು ಹೋದರೆ ಕೂಸಿನ ತಲೆ ಹೋಗಲಿಲ್ಲ. ದ್ಯಾಮಮ್ಮ ಎಳೆದಳು. ನೆತ್ತಿಯ ಮೇಲೆ ನಿಂತುಬಿಟ್ಟಿತು. ಕೂಸು ಚೀರಿತು.

"ಏನೇ ಸುವರ್ಣ, ಇದು ಕೂಸಿಗೋ ತೆಂಗಿನಕಾಯಿಗೋ?" ಅಂದಳು ಯಾರೋ.

ಎಲ್ಲರೂ ನಕ್ಕರು. ಸುವರ್ಣಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. "ದ್ಯಾಮಮ್ಮನ ಮೊಮ್ಮಗ ಅಲ್ವೇ, ತಲೆ ತುಂಬ ಬುದ್ಧಿ ತಂದ್ಕೊಂಡೇ ಹುಟ್ಟಿದಾನೆ!" ಅಂದಳು. ಹಾಗಂದವಳು ನನ್ನ ಕಡೆ ಒಂದು ಸಲ ನೋಡಿದಳು. ಅವಳ ಕಿವಿ ಕೆಂಪಗಾಗಿದ್ದವು.

ಎರಡು ದಿನ ನನಗೆ ಊಟ ರುಚಿಸಿತು. ಅದಕ್ಕೆ ಮುಂಚೆ ಒಂದು ವರ್ಷ ರುಚಿಸಿರಲಿಲ್ಲ.

ನಮ್ಮವ್ವನ ಗೇಣಿನ ಕಥೆ ಜಗದಾಂಬಾ ಚಿಕ್ಕಂದಿನಿಂದ ಕೇಳಿದ್ದಳು. ಮೂರನೇ ದಿನ ಕೇಳಿದಳು. "ಅವ್ವ, ಚಿಕ್ಕಮ್ಮಂಗೆ ಯಾರ ಗೇಣು ಅಂತ ಹೇಳಿದ್ಯಾ?"

"ಅವಳು ಕೇಳಲಿಲ್ಲ."

"ನಾನೂ ಕೇಳಿಲ್ಲ. ನನಗೂ ಹೇಳಲ್ಲ ಹಾಗಾದ್ರೆ ನೀನು."

ಅಲ್ಲಿಗೆ ಮುಗಿಯಿತು. ಆಮೇಲೆ ಅವಳು ನನ್ನ ಮುಂದೆ ಸೂಜಿ ಹಿಡಿಯಲೇ ಇಲ್ಲ. ಹೊಲಿಯುವುದೆಲ್ಲ ಹೊಳೆಯಾಚೆ. ನಮ್ಮವ್ವನಿಂದ ನನಗೆ ಬಂದದ್ದು ನನ್ನಲ್ಲೇ ಕೂತಿತು. ಹೊಲಿಸುವವರೂ ಇಲ್ಲ, ಕಲಿಯುವವರೂ ಇಲ್ಲ. ಕೌದಿ ಒಂದನ್ನು ಮಾತ್ರ ಜನ ನನಗೆ ಕೊಡುತ್ತಿದ್ದರು. ಹಳೇ ಬಟ್ಟೆ ತಾನೆ, ಅದಕ್ಕೆ ಯಾರ ಕೈಯಾದರೇನು.

ಅರವತ್ತೊಂದರಲ್ಲಿ ಜಗದಾಂಬಾಳ ಮದುವೆಯಾಯಿತು. ಅಳಿಯ ಧರ್ಮಪ್ಪ ಶಿವಮೊಗ್ಗದಲ್ಲಿ ಕಚೇರಿಯ ಗುಮಾಸ್ತ. ಒಳ್ಳೆಯ ಹುಡುಗ. ಮದುವೆಯ ರವಿಕೆಗಳನ್ನೆಲ್ಲ ಸುವರ್ಣಮ್ಮ ಹೊಲಿದಳು. ಬಂದವರೆಲ್ಲ ಅವನ್ನು ಕೈಯಲ್ಲಿ ಹಿಡಿದು ನೋಡಿದರು. ನಾನು ಒಂದು ಕೌದಿ ಕೊಟ್ಟೆ. ಅದನ್ನು ಟ್ರಂಕಿನ ಅಡಿಗೆ ಹಾಕಿದರು.

ಅರವತ್ತಮೂರರಲ್ಲಿ ಹೆರಿಗೆಗೆ ಬಂದಳು. ಹೆಣ್ಣು ಕೂಸು. ಬಾಣಂತಿಯ ಮಂಚ ಕೋಣೆಯ ಮೂಲೆಯಲ್ಲಿ. ಕೂಸಿನ ಕೈ ನೋಡಿದೆ, ಮುಷ್ಟಿ ಬಿಗಿದಿತ್ತು. ನಾನು ಬಹಳ ದಿನದ ಮೇಲೆ ನಕ್ಕೆ. ಮೊದಲ ಕುಂಚಿಗೆ ತವರಿನಿಂದಲೇ ಆಗಬೇಕು, ತಾಯಿಯ ತಾಯಿ ಕೊಡಬೇಕು. ಹಸಿರು ಖಣ, ಕೆಂಪು ಅಂಚು, ಮೊದಲೇ ತಂದು ಇಟ್ಟಿದ್ದೆ. ಒಂಬತ್ತನೇ ದಿನ ಬೆಳಿಗ್ಗೆ ಬಟ್ಟೆ ಹಾಸಿ ಕತ್ತರಿ ತೆಗೆದೆ. ಅದೇ ಹೊತ್ತಿಗೆ ಬೀಗಿತ್ತಿ ಬಸವರಾಜೇಶ್ವರಿ ಶಿವಮೊಗ್ಗದಿಂದ ಕೂಸನ್ನು ನೋಡಲು ಬಂದರು. ಕೂಸನ್ನು ನೋಡಿದರು, ಬಟ್ಟೆ ನೋಡಿದರು, ಕತ್ತರಿ ನೋಡಿದರು.

"ಬೀಗ್ತೇರೇ, ತಪ್ಪು ತಿಳ್ಕೋಬೇಡಿ," ಅಂದರು. "ಮೊದಲನೇ ಕೂಸು. ಕತ್ತರಿ ಇಡೋದು ಸೂಜಿ ಹಾಕೋದು ಮುತ್ತೈದೆ ಕೈಯಾಗಿದ್ರೆ ಚೆನ್ನ. ನಾಳೆ ಏನಾದ್ರೂ ಆದ್ರೆ ನಾವೇ ಕೊರಗಬೇಕು."

ನಾನು ಕತ್ತರಿಯನ್ನು ಕೆಳಗಿಟ್ಟೆ.

"ಅದ್ಯಾರೋ ಸುವರ್ಣಮ್ಮ ಅಂತ ಇದಾರಂತಲ್ಲ, ನಿಮ್ಮ ಮಗಳು ದಿನಾ ಅವರ ಹೆಸರು ಹೇಳ್ತಾಳೆ. ಅವರ ಕೈಲಿ ಹೊಲಿಸಿ. ಆಗ್ದಿದ್ರೆ ಬಿಡಿ, ಗಾಂಧಿ ಬಜಾರಲ್ಲಿ ಉಲ್ಲನ್ ಟೋಪಿ ಸಿಗುತ್ತೆ. ನಾನೇ ತರ್ತೀನಿ."

ಸುವರ್ಣಮ್ಮನದು ಬೇರೆ ಜಾತಿ. ಅದು ಅವರಿಗೆ ಅಡ್ಡಿಯಾಗಲಿಲ್ಲ. ನನ್ನ ಹಣೆ ಅಡ್ಡಿಯಾಯಿತು.

ಜಗದಾಂಬಾ ಮಂಚದಿಂದ, "ನಾನೇ ಹೊಲೀತೀನಿ ಬಿಡಿ ಅತ್ತೆ," ಅಂದಳು. "ಬಾಣಂತಿ ಸೂಜಿ ಹಿಡಿದ್ರೆ ಕಣ್ಣು ಹೋಗ್ತದೆ, ಸುಮ್ನೆ ಮಲಗು," ಅಂದರು ಅವರು. ಅದು ನಿಜ. ನಾನೂ ಹಿಡಿಸುತ್ತಿರಲಿಲ್ಲ. ಹಿಡಿಸಿದರೂ ಅವಳಿಗೆ ನಮ್ಮವ್ವನ ಕುಂಚಿಗೆ ಬರುತ್ತಿರಲಿಲ್ಲ. ನಾನು ಹೇಳಿಕೊಟ್ಟಿರಲಿಲ್ಲವಲ್ಲ.

ಬೀಗಿತ್ತಿ ಹೋದ ಮೇಲೆ ಬಟ್ಟೆಯ ಮುಂದೆ ಕೂತೆ. ಎರಡೇ ದಾರಿ. ನನ್ನ ಮೊಮ್ಮಗಳು ಬಜಾರಿನ ಟೋಪಿ ಹಾಕಿಕೊಳ್ಳಬೇಕು, ನಮ್ಮವ್ವನ ಒಂಬತ್ತು ನಿರಿಗೆ ನನ್ನ ಜೊತೆಗೇ ಮಣ್ಣಿಗೆ ಹೋಗಬೇಕು. ಇಲ್ಲದಿದ್ದರೆ ಅದನ್ನು ಸುವರ್ಣಮ್ಮನ ಕೈಗೆ ಕೊಡಬೇಕು. ಗಂಡ ಅವಳಿಗಿದ್ದಾನೆ. ಬಳೆ ಅವಳಿಗಿದೆ. ಮಗಳ ಬಾಯಲ್ಲಿ ಅವಳ ಹೆಸರಿದೆ. ಇದನ್ನೂ ಕೊಡಬೇಕೆ? ಮಧ್ಯಾಹ್ನದವರೆಗೂ ಕೂತೆ. ಅನ್ನ ಸೀದುಹೋಯಿತು.

"ಅವ್ವ, ಟೋಪಿನೇ ಆಗ್ಲಿ ಬಿಡು," ಅಂದಳು ಮಗಳು. ನನ್ನ ಮುಖ ನೋಡಿಯೇ ಅಂದಳು.

ಆ ಮಾತಿಗೆ ಎದ್ದೆ. ಪಕ್ಕದ ಮನೆಯವರ ಕೈಯಲ್ಲಿ ಸುವರ್ಣಮ್ಮನಿಗೆ ಹೇಳಿಕಳಿಸಿದೆ.

ಅವಳು ಕಾರ್ಖಾನೆಯ ಮೂರು ಗಂಟೆಯ ಕೂಗು ಆಗುವ ಮೊದಲೇ ಬಂದಳು. ಕಾಲು ತೊಳೆದು ಕೂತಳು. ಬಟ್ಟೆಯನ್ನು ಮುಂದಕ್ಕೆ ಎಳೆದುಕೊಂಡಳು.

"ಹೇಳಿ ಅಕ್ಕ, ಎಷ್ಟು ಗೇಣು? ಈ ಸಲ ಯಾರ ಗೇಣು ಅಂತಾನೂ ಹೇಳ್ಬಿಡಿ."

ನಾನು ಅವಳನ್ನೇ ನೋಡಿದೆ. ಎಂಟು ವರ್ಷದಿಂದ ಅವಳಿಗೆ ಗೊತ್ತಿತ್ತು. ಯಾರ ಹತ್ತಿರವೂ ಹೇಳಿರಲಿಲ್ಲ.

"ಗೊತ್ತಿದ್ದೂ ಯಾಕೆ ಜಗಳಕ್ಕೆ ಬರಲಿಲ್ಲ ನೀನು?"

"ಪುರುಸೊತ್ತೆಲ್ಲಿತ್ತು ಮಾರಾಯ್ತಿ? ಆ ತಿಂಗಳು ಇಪ್ಪತ್ತು ಲಂಗ ಒಪ್ಕೊಂಡಿದ್ದೆ," ಅಂದಳು. ಆಮೇಲೆ ನಗು ನಿಲ್ಲಿಸಿ, "ಸಿಟ್ಟು ಬಂದಿತ್ತು ಅಕ್ಕ. ತುಂಬಾ ಬಂದಿತ್ತು. ಹೊಲಿಗೆ ಹೇಳೋಳು ಅನ್ನಿಸ್ಕೊಂಡು ತೆಂಗಿನಕಾಯಿ ಅನ್ನಿಸ್ಕೊಂಡೆ," ಅಂದಳು.

ಅವಳಿಗೂ ಸಿಟ್ಟು ಬರುತ್ತದೆ ಅಂತ ಆವತ್ತು ತಿಳಿಯಿತು. ಸ್ವಲ್ಪ ಸಮಾಧಾನವಾಯಿತು.

"ಕೈ ಕೊಡು," ಅಂದೆ.

ಅವಳ ಅಂಗೈಯ ಮೇಲೆ ನನ್ನ ಅಂಗೈ ಇಟ್ಟೆ. ಮೆಷಿನ್ನಿನ ಎಣ್ಣೆ ವಾಸನೆ. ತೂತು ಬಿದ್ದಿದ್ದ ಉಗುರು ಸೊಟ್ಟಗೆ ಬೆಳೆದಿತ್ತು. ನಮ್ಮವರು ಹೋದ ಮೇಲೆ ದೊಡ್ಡವರ ಕೈ ನನ್ನ ಕೈಗೆ ತಾಗಿ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. ನನಗೆ ಅದು ಬೇಕಿರಲಿಲ್ಲ. ಆದರೂ ಎಳೆದುಕೊಳ್ಳಲಿಲ್ಲ.

"ನನ್ ಗೇಣಿಗೆ ನಿಂದು ಎರಡು ಬೆರಳು ಕಮ್ಮಿ. ನಮ್ಮವ್ವನ ಗೇಣಿಗೆ ನಂದು ಒಂದು ಬೆರಳು ಕಮ್ಮಿ. ನೀನು ಗೇಣಿಗೆ ಮೂರು ಬೆರಳು ಕೂಡಿಸ್ಕೋಬೇಕು."

"ಅಷ್ಟೊಂದು! ಅದಕ್ಕೇ ಆ ಕೂಸು ಹಾಗೆ ಚೀರಿದ್ದು."

ಮಂಚದ ಮೇಲೆ ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. ಕಂಬಳಿಯಿಂದ ಕೈ ಹೊರಗೆ ಚಾಚಿದಳು. "ನಂದೂ ನೋಡವ್ವ," ಅಂದಳು. ನೋಡಿದೆ. ಅವಳ ಗೇಣೂ ನನ್ನ ಗೇಣೂ ಒಂದೇ. ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಯಾವಾಗ ಅಷ್ಟು ಬೆಳೆಯಿತೋ ಆ ಕೈ, ನಾನು ನೋಡಿರಲಿಲ್ಲ.

ಕತ್ತರಿ ಇಟ್ಟವಳು ಸುವರ್ಣಮ್ಮ. ಸೂಜಿ ಹಾಕಿದವಳೂ ಅವಳೇ. ನಾನು ಬಟ್ಟೆಯನ್ನು ಮುಟ್ಟಲಿಲ್ಲ. ಮಾತಿನಲ್ಲಿ ಹೇಳಿದೆ. ಮೆಷಿನ್ನಿಗೆ ತೆಗೆದುಕೊಂಡು ಹೋಗುತ್ತೇನೆ ಅಂದಳು, ಬಿಡಲಿಲ್ಲ. ನಿರಿಗೆಗೆ ಮೆಷಿನ್ನು ಹಾಕಿದರೆ ಕತ್ತಿಗೆ ಗಟ್ಟಿಯಾಗಿ ಒತ್ತುತ್ತದೆ. ಕೈ ಹೊಲಿಗೆ ಅವಳಿಗೆ ಬರುತ್ತಿರಲಿಲ್ಲ. ಒಂದು ಹೊಲಿಗೆ ಜೋಳದ ಕಾಳಿನಷ್ಟು, ಇನ್ನೊಂದು ಅವರೆಕಾಳಿನಷ್ಟು. ಮೂರು ಸಲ ಬಿಚ್ಚಿಸಿದೆ.

"ಇದಕ್ಕೆ ತಾನೆ ಹುಡುಗೀರು ನಿಮ್ಮ ಹತ್ರ ಬರಲ್ಲ," ಅಂದಳು.

"ಬರ್ದಿದ್ರೆ ಬಿಡ್ಲಿ. ಬಿಚ್ಚು."

ನಾಲ್ಕು ದಿನ ಬಂದಳು. ಆ ನಾಲ್ಕು ದಿನ ನನಗೆ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಅವಳು ತಪ್ಪು ಮಾಡುವುದನ್ನು ನೋಡಲು ಖುಷಿ. ನಾಲ್ಕನೇ ದಿನ ನಡುವಿನ ಜೋಡು ನಿರಿಗೆ ಸರಿಯಾಗಿ ಕೂತಿತು. ಆಗ ಖುಷಿ ಹೋಯಿತು. ಅವಳು ಟೇಪು ತೆಗೆದು ಹಣೆಯ ಅಂಚಿಗೆ ಹಿಡಿದು, ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಹದಿಮೂರೂವರೆ ಇಂಚು. ನಮ್ಮವ್ವನ ಕೈ ಒಂದು ಸಾಲಾಗಿ ಅವಳ ನೋಟುಬುಕ್ಕಿಗೆ ಸೇರಿಹೋಯಿತು.

ತೊಟ್ಟಿಲಿನ ದಿನ ನಾನು ಅಡುಗೆಮನೆಯಲ್ಲಿದ್ದೆ. ಕುಂಚಿಗೆ ಹಾಕಿದಾಗ ಕೂಸು ಅಳಲಿಲ್ಲ. ಹೊರಗೆ ಹೆಂಗಸರು ಹೊಗಳುವುದು ಕೇಳಿಸಿತು. "ಸುವರ್ಣಮ್ಮ, ಏನು ಕೈ ರೀ ನಿಮ್ದು!" ಅವಳು ಜೋರಾಗಿ, ನನಗೆ ಕೇಳಲಿ ಅಂತಲೇ, "ಕತ್ತರಿ ನಂದು, ವಿದ್ಯೆ ದಾಕ್ಷಾಯಣಕ್ಕಂದು," ಅಂದಳು. ಬೀಗಿತ್ತಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ನನಗೆ ಇನ್ನೂ ಉರಿಯಿತು. ನನ್ನ ಹೆಸರನ್ನು ನನಗೆ ಅವಳು ಕೊಡಬೇಕೆ?

ಆಮೇಲೆ ಅವಳು ಅದನ್ನು ಎಲ್ಲರಿಗೂ ಹೇಳಿಕೊಟ್ಟಳು. ಹೇಳಿಕೊಡದೆ ಇರಲು ಅವಳಿಗೆ ಬರುವುದಿಲ್ಲ. ಅಷ್ಟು ಹೊತ್ತಿಗೆ ಕಾಗದನಗರದ ಹುಡುಗಿಯರೂ ಬರುತ್ತಿದ್ದರು. ಜಗಲಿ ಸಾಲದೆ ಮಹಿಳಾ ಸಮಾಜದ ಕೊಠಡಿಯಲ್ಲಿ ಬುಧವಾರ ಕ್ಲಾಸು ಮಾಡುತ್ತಿದ್ದಳು. ನನ್ನನ್ನೂ ಕರೆದಳು. "ಬನ್ನಿ ಅಕ್ಕ, ಕೈ ಹೊಲಿಗೆ ನೀವು ನೋಡ್ಕೊಳ್ಳಿ." ಹೋಗಲಿಲ್ಲ. ನಾಲ್ಕು ಸಲ ಕರೆದಳು. ನಾಲ್ಕು ಸಲವೂ ಕೆಲಸವಿದೆ ಅಂದೆ. ಕೆಲಸವಿರಲಿಲ್ಲ.

ಅರವತ್ತಾರರಲ್ಲಿ ಒಂದು ದಿನ ಮೊಮ್ಮಗಳನ್ನು ನೋಡಿಕೊಂಡು ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬಳು ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಕೂಸಿಗೆ ಕುಂಚಿಗೆ. ಕತ್ತಿನ ಹಿಂದೆ ಒಂಬತ್ತು ನಿರಿಗೆ. ಎಣಿಸಿದೆ, ಒಂಬತ್ತೇ. ಆದರೆ ಎಲ್ಲವೂ ಒಂದೇ ಕಡೆಗೆ ಮಲಗಿದ್ದವು. ನಡುವಿನ ಜೋಡು ಇಲ್ಲ. ಬಟ್ಟೆ ಒಂದು ಕಡೆಗೆ ಎಳೆದು ಕೂಸಿನ ಕಿವಿ ಮಡಚಿಕೊಂಡಿತ್ತು.

"ಯಾರಮ್ಮ ಹೊಲಿದದ್ದು ಇದು?" ಅಂದೆ.

"ನನ್ನ ತಂಗಿ ಅಮ್ಮ. ಭದ್ರಾವತಿಲಿ ಕಲಿತಳು. ಇದಕ್ಕೆ ಸುವರ್ಣಮ್ಮನ ಕುಂಚಿಗೆ ಅಂತಾರೆ."

ಸುವರ್ಣಮ್ಮನ ಕುಂಚಿಗೆ! ಹೆಸರೂ ಹೋಯಿತು, ನಿರಿಗೆಯೂ ಹೋಯಿತು. ಆವತ್ತು ಬುಧವಾರ. ಹಳೇನಗರದಲ್ಲಿ ಇಳಿಯಲಿಲ್ಲ. ಮುಂದಕ್ಕೆ ಹೋಗಿ ಇಳಿದು ಸೀದಾ ಆ ಕೊಠಡಿಗೆ ನಡೆದೆ. ಹನ್ನೆರಡು ಹುಡುಗಿಯರು ಕೂತಿದ್ದರು. ಒಬ್ಬಳ ಕೈಯಿಂದ ಬಟ್ಟೆ ಕಿತ್ತುಕೊಂಡು ನೋಡಿದೆ. ಅದೂ ಹಾಗೇ.

"ಏನೇ ಸುವರ್ಣ ಇದು? ಒಂಬತ್ತೂ ಒಂದೇ ಕಡೆ? ಹೀಗಾ ನಾನು ಹೇಳಿಕೊಟ್ಟಿದ್ದು?"

"ಹದಿಮೂರೂವರೆ ಇಂಚು ಬರ್ಕೊಂಡಿದ್ದೆ ಅಕ್ಕ. ನಿರಿಗೆ ಯಾವ ಕಡೆ ಎಷ್ಟು ಅಂತ ಬರ್ಕೊಳ್ಳೋದು ಮರೆತೆ," ಅಂದಳು ಸುವರ್ಣಮ್ಮ. "ನೆನಪಲ್ಲಿದ್ದಷ್ಟು ಹೇಳಿಕೊಟ್ಟೆ. ಕೈ ಹೊಲಿಗೆ ನನಗೆ ಬರಲ್ಲ ಅಂತ ನಿಮಗೇ ಗೊತ್ತಲ್ಲ. ಅದಕ್ಕೇ ನಾಲ್ಕು ಸಲ ಕರೆದೆ."

ಹುಡುಗಿಯರು ನನ್ನ ಮುಖ ನೋಡುತ್ತಿದ್ದರು. ನಾನು ಚಾಪೆಯ ಮೇಲೆ ಕೂತೆ. "ಬಿಚ್ಚಿ, ಎಲ್ಲರೂ ಬಿಚ್ಚಿ," ಅಂದೆ.

ಆವತ್ತಿನಿಂದ ಬುಧವಾರ ತಪ್ಪಿಸಿಲ್ಲ. ಒಳ್ಳೆಯತನದಿಂದ ಹೋಗುತ್ತೇನೆ ಅಂತ ಯಾರೂ ತಿಳಿಯಬೇಡಿ. ನನ್ನದನ್ನು ಅವಳು ಕೆಡಿಸಬಾರದು ಅಂತ ಹೋಗುತ್ತೇನೆ. ಹನ್ನೆರಡು ಜನರಲ್ಲಿ ನಾಲ್ವರು ಬಿಟ್ಟುಹೋದರು. ನನ್ನ ಬಾಯಿ ತಡೆಯಲಾರದೆ. ಉಳಿದವರಿಗೆ ಒಬ್ಬೊಬ್ಬರಿಗೂ ಕೈಯ ಮೇಲೆ ಕೈ ಇಟ್ಟು ಹೇಳಿಕೊಟ್ಟಿದ್ದೇನೆ. ಇಂಚು ಅವಳು ಬರೆಸುತ್ತಾಳೆ, ಬರೆಸಲಿ. ಜಗದಾಂಬಾಳಿಗೂ ಕಲಿಸಿದೆ, ಶಿವಮೊಗ್ಗಕ್ಕೆ ಹೋದಾಗ. ಈಗ ಅವಳದು ನನ್ನದಕ್ಕಿಂತ ನೀಟಾಗಿ ಬರುತ್ತದೆ.

ಹೋದ ವರ್ಷ ಉಮಾಮಹೇಶ್ವರಿ ಅಂತ ಒಬ್ಬ ಹುಡುಗಿ ಸೇರಿದಳು. ಕಾಗದನಗರದವಳು, ಎಡಚಿ. ಮೆಷಿನ್ನಿನ ಹಿಡಿ ಬಲಕ್ಕಿದೆ, ಅವಳಿಗೆ ತಿರುಗಿಸಲು ಬರುವುದಿಲ್ಲ. ಸುವರ್ಣಮ್ಮ ಎರಡು ತಿಂಗಳು ಪ್ರಯತ್ನಪಟ್ಟಳು. ಬಲಗೈಯಲ್ಲಿ ಹಿಡಿ ಅಂತ ಮುದ್ದಿನಿಂದ ಹೇಳಿದಳು. ಹುಡುಗಿ ಅತ್ತಳು. ನಾನು ಅವಳನ್ನು ಎದುರಿಗೆ ಕೂರಿಸಿಕೊಂಡೆ. ಪಕ್ಕಕ್ಕೆ ಅಲ್ಲ, ಎದುರಿಗೆ. ಕನ್ನಡಿಯಲ್ಲಿ ನೋಡಿದ ಹಾಗೆ ನನ್ನ ಬಲಗೈ ಮಾಡಿದ್ದನ್ನು ಅವಳ ಎಡಗೈ ಮಾಡಿತು. ಒಂದೇ ವಾರದಲ್ಲಿ ಹೊಲಿಗೆ ಸಾಸಿವೆಯಷ್ಟಾಯಿತು. ಈಗ ಅವಳು ಬುಧವಾರ ಅಲ್ಲದೆ ಬೇರೆ ದಿನವೂ ಸೇತುವೆ ದಾಟಿ ನಮ್ಮ ಮನೆಗೆ ಬರುತ್ತಾಳೆ. ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ. ನಾನು ಹಾಗನ್ನು ಅಂತ ಹೇಳಿಲ್ಲ.

ಮೊನ್ನೆ ಕ್ಲಾಸು ಮುಗಿದ ಮೇಲೆ ಸುವರ್ಣಮ್ಮ ಅವಳನ್ನು ಕರೆದಳು. "ಉಮಾ, ಇವತ್ತು ನಮ್ಮನೆಗೆ ಬಾರೇ, ಕಾಫಿ ಕೊಡ್ತೀನಿ."

"ಇಲ್ಲ ಟೀಚರ್, ದೊಡ್ಡಮ್ಮನ ಮನೆಗೆ ಹೋಗ್ಬೇಕು," ಅಂದಳು ಹುಡುಗಿ. ಚಪ್ಪಲಿ ಮೆಟ್ಟಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತಳು.

ಸುವರ್ಣಮ್ಮ ನಗಲಿಲ್ಲ. "ನನ್ನ ಹುಡುಗೀನ ಕಿತ್ಕೊಂಡ್ರಲ್ಲ ಅಕ್ಕ," ಅಂದಳು. ತಮಾಷೆಗೆ ಅಂದ ಹಾಗೆ ಅಂದಳು. ಮುಖ ಸಣ್ಣದಾಗಿತ್ತು. ಆ ಮುಖ ನನಗೆ ಗುರುತು ಸಿಕ್ಕಿತು, ಒಂದು ಕಾಲಕ್ಕೆ ನನ್ನದೇ.

"ನಾನೆಲ್ಲಿ ಕಿತ್ಕೊಂಡೆ? ಅವಳೇ ಬರ್ತಾಳೆ," ಅಂದೆ.

ಹುಡುಗಿಯ ಕೈ ಹಿಡಿದುಕೊಂಡು ಹೊರಗೆ ಬಂದೆ. ದಾರಿಯಲ್ಲಿ ಅವಳು ಏನೋ ಕೇಳುತ್ತಿದ್ದಳು. ನನಗೆ ಸರಿಯಾಗಿ ಕೇಳಿಸಲಿಲ್ಲ. ನಾನು ನಗುತ್ತಿದ್ದೆ.